ತಂತಿಯೂ ಕಿವಿಯೂ

ಕಳೆದ ದಸರೆಯ ರಜೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಮ್ಮನ್ನು ಕಾಣಲು ಮನೆಗೆ ಬಂದನು. ಕಾಲೇಜಿನಲ್ಲಿದ್ದಾಗ ಮೀಟರ್ ಬ್ರಿಡ್ಜಿನ ಮುಂದೆ ನಿಂತು ತಂತಿಯ ರೋಧವನ್ನು ಅಳೆಯುವುದರಲ್ಲಿ ಅವನಷ್ಟು ಚುರುಕಾದವರು ಆ ತರಗತಿಯಲ್ಲಿ ಇರಲಿಲ್ಲ. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ, ಸಂಗೀತವೆಂದರೆ ಪ್ರಾಣ. ಅವನ ಕೈಯಲ್ಲಿ ಒಂದು ಉದ್ದನೆಯ ಪೆಟ್ಟಿಗೆಯಿದ್ದಿತು. ತೆರೆದು ನೋಡಲಾಗಿ, ಒಡವೆಯಂಗಡಿಯಲ್ಲಿ ಕಾಸಿನ ಸರವನ್ನಿಡುವಂತೆ, ಮಖಮಲ್ಲಿನ ಹಾಸಿನ ಮೇಲೆ ಎರಡು ತಂತಿಗಳು ಸುರುಳಿಯಾಗಿ ಮಲಗಿದ್ದುವು. ಹೆಬ್ಬೆರಳಿನ ಗಾತ್ರ, ಮೈಮೇಲೆ ನೀಲಿ ನೂಲಿನ ಹೆಣಿಗೆ, ತುದಿಗಳಿಗೆ ಚಿನ್ನದ ಲೇಪ, ಹೊದಿಕೆಯ ಮೇಲೆ, ವಿದ್ಯುತ್ತು ಯಾವ ಕಡೆಗೆ ಹರಿಯಬೇಕೆಂಬುದನ್ನು ತೋರಿಸುವ ಬಾಣದ ಗುರುತು.

“ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹಾಕುವ ತಂತಿ, ಸಾರ್” ಎಂದನು. ಉದ್ದ ಮೂರು ಮೀಟರು. ಬೆಲೆಯನ್ನು ಕೇಳಿದೆವು: 38,000 ರೂಪಾಯಿ. ಒಂದು ಕ್ಷಣ ನಮಗೆ ಮಾತೇ ಹೊರಡಲಿಲ್ಲ. ನಮ್ಮ ಮನೆಯ ಆಂಪ್ಲಿಫೈಯರು, ಸ್ಪೀಕರುಗಳು, ಅವನ್ನಿಟ್ಟಿರುವ ಮೇಜು ಎಲ್ಲವೂ ಸೇರಿ ಅಷ್ಟು ಬೆಲೆ ಬಾಳಲಾರವು.

“ಹದಿನೈದು ದಿನದೊಳಗೆ ಹಿಂದಕ್ಕೆ ಕೊಟ್ಟರೆ ಹಣ ವಾಪಸು ಮಾಡುತ್ತಾರೆ. ನೀವು ಒಮ್ಮೆ ಕೇಳಿ ಹೇಳಿ ಸಾರ್, ಇಟ್ಟುಕೊಳ್ಳಲೋ ಬೇಡವೋ.”

ನಾವಾದರೋ ಕೇಳುವ ಮೊದಲೇ ಹೇಳಿಬಿಡಲು ಸಿದ್ಧರಾಗಿದ್ದೆವು. ಓಮನ ನಿಯಮವನ್ನು ವರ್ಷ ವರ್ಷವೂ ಪಾಠ ಹೇಳುವವರಿಗೆ ತಂತಿಯ ವಿಷಯದಲ್ಲಿ ಸಂದೇಹ ಎಲ್ಲಿಂದ ಬರಬೇಕು? ಆದರೆ ಆ ದಿನ ನಡೆದುದೇ ಬೇರೆ. ಅದನ್ನು ಹೇಳುವುದಕ್ಕೆ ಮುನ್ನ, ಇಂಥ ತಂತಿಯು ಮಾಡುವ ಕೆಲಸವೇನೆಂಬುದನ್ನು ವಾಚಕರೊಡನೆ ಕೊಂಚ ವಿಚಾರಿಸಬೇಕಾಗಿದೆ.

ಸ್ಪೀಕರಿಗೆ ವಿಶೇಷವಾದ ತಂತಿ ಬೇಕೆಂಬ ಭಾವನೆ ಬಹಳ ಹಳೆಯದಲ್ಲ. 1970ರ ದಶಕದ ನಡುವಿನವರೆಗೂ ಮೇಜಿನ ದೀಪಕ್ಕೆ ಬಳಸುವ ಜೋಡಿ ತಂತಿಯನ್ನೇ ಜನರು ಸ್ಪೀಕರಿಗೂ ಬಳಸುತ್ತಿದ್ದರು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಎಂಜಿನಿಯರಾಗಿದ್ದ ನೋಯೆಲ್ ಲೀ ಎಂಬವರು 1979ರಲ್ಲಿ ‘ಮಾನ್‌ಸ್ಟರ್ ಕೇಬಲ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ ದಪ್ಪನೆಯ ತಂತಿಗಳನ್ನು ಮಾರತೊಡಗಿದರು. ವ್ಯಾಪಾರವು ಬೆಳೆಯಿತು, ಅನೇಕರು ಹಿಂಬಾಲಿಸಿದರು. 2007ರ ವೇಳೆಗೆ ಹನ್ನೆರಡು ಅಡಿ ಉದ್ದದ ಒಂದು ಜೊತೆ ತಂತಿಗೆ 7,250 ಡಾಲರು ಬೆಲೆ ಕಟ್ಟಿದವರೂ ಇದ್ದರು. ತಂತಿಯು ನೆಲಕ್ಕೆ ತಾಗದಂತೆ ಎತ್ತಿ ನಿಲ್ಲಿಸಲು ಪಿಂಗಾಣಿಯ ಪುಟ್ಟ ಪೀಠಗಳೂ ಮಾರಾಟಕ್ಕೆ ಬಂದಿವೆ.

ಈ ತಂತಿಗಳು ಸಂಗೀತವನ್ನು ಹೇಗೆ ಸುಧಾರಿಸುವುವು? ಮಾರುವವರು ಹೇಳುವ ಕಾರಣಗಳಲ್ಲಿ ಮುಖ್ಯವಾದುವು ಇವು: ತಾಮ್ರವು ಅತಿ ಶುದ್ಧವಾದುದು, ಎತ್ತರದ ಸ್ವರಗಳ ವಿದ್ಯುತ್ತು ತಂತಿಯ ಹೊರಮೈಯಲ್ಲಿ ಮಾತ್ರ ಹರಿಯುವ ದೋಷವನ್ನು ಇದರಲ್ಲಿ ನಿವಾರಿಸಿದೆ, ತಂತಿಗೆ ಒಂದು ದಿಕ್ಕಿದೆ. ಇವುಗಳಲ್ಲಿ ಮೊದಲನೆಯದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಭೌತವಿಜ್ಞಾನದ ಒಂದು ದೊಡ್ಡ ಕಥೆಯಿದೆ.

1858ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಐರ್ಲೆಂಡಿನಿಂದ ನ್ಯೂಫೌಂಡ್‌ಲೆಂಡಿನವರೆಗೆ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊತ್ತಮೊದಲನೆಯ ತಂತಿಯನ್ನು ಹಾಸಿದರು. ಮೂರು ಸಾವಿರ ಕಿಲೋಮೀಟರಿಗೂ ಮೀರಿದ ಉದ್ದ. ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷರಿಗೆ ಕಳುಹಿಸಿದ ತೊಂಬತ್ತೆಂಟು ಪದಗಳ ಸಂದೇಶವು ಆಚೆಯ ದಡವನ್ನು ಪೂರ್ಣವಾಗಿ ಮುಟ್ಟಲು ಹದಿನಾರು ಗಂಟೆಗಳಷ್ಟು ಕಾಲ ಹಿಡಿಯಿತು. ತಂತಿಯ ಈ ತುದಿಯಲ್ಲಿ ಟಕ್ಕೆಂದು ಕೊಟ್ಟ ವಿದ್ಯುತ್ತು ಆ ತುದಿಯಲ್ಲಿ ಮೆಲ್ಲಮೆಲ್ಲನೆ ಏರಿ ಮೆಲ್ಲಮೆಲ್ಲನೆ ಇಳಿಯುತ್ತಿದ್ದಿತು. ಒಂದು ಸಂಕೇತದ ಬಾಲವು ಮತ್ತೊಂದರ ತಲೆಯ ಮೇಲೆ ಬೀಳುತ್ತಿದ್ದಿತು. ಹೀಗಾಗುವುದೆಂದು ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ನನು ಮೊದಲೇ ಗಣಿಸಿದ್ದನು. ತಂತಿಯ ರೋಧವೂ, ಅದರ ಸುತ್ತಣ ಹೊದಿಕೆಯ ಧಾರಕತೆಯೂ ಸೇರಿ ಸಂಕೇತವನ್ನು ತಡಮಾಡುವುವು; ತಂತಿಯ ಉದ್ದವು ಎರಡರಷ್ಟಾದರೆ ತಡವು ನಾಲ್ಕರಷ್ಟಾಗುವುದು. ಆದುದರಿಂದ ತಾಮ್ರವು ದಪ್ಪನಾಗಿರಬೇಕು, ಒಳ್ಳೆಯದಾಗಿರಬೇಕು ಎಂದು ಅವನು ಒತ್ತಿ ಹೇಳಿದನು. 1857ರಲ್ಲಿ ಬೇರೆ ಬೇರೆ ಕಾರ್ಖಾನೆಗಳ ತಾಮ್ರವನ್ನು ಅಳೆದು ನೋಡಿ, ಹೆಸರಿಗೆಲ್ಲ ತಾಮ್ರವೇ ಆದರೂ ವಿದ್ಯುತ್ತನ್ನು ಒಯ್ಯುವುದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ಬಹಳ ಅಂತರವಿದೆಯೆಂಬುದನ್ನು ಕಂಡುಹಿಡಿದನು.

ತಂತಿಯ ಉಸ್ತುವಾರಿಯಲ್ಲಿದ್ದ ವೈಲ್ಡ್‌ಮನ್ ವೈಟ್‌ಹೌಸ್ ಎಂಬ ವೈದ್ಯನು ಈ ಲೆಕ್ಕವನ್ನು ಒಪ್ಪಲಿಲ್ಲ. ಸಂಕೇತವು ಮಂದವಾಯಿತೆಂದು ಅವನು ಸುಮಾರು ಎರಡು ಸಾವಿರ ವೋಲ್ಟುಗಳ ಒತ್ತಡವನ್ನು ತಂತಿಗೆ ಹಾಕಿಸಿದನು. ಮೊದಲೇ ದುರ್ಬಲವಾಗಿದ್ದ ತಂತಿಯು ಕೆಲವೇ ವಾರಗಳಲ್ಲಿ ಮೂಕವಾಯಿತು. 1866ರಲ್ಲಿ ಯಶಸ್ವಿಯಾದ ತಂತಿಯಲ್ಲಿ ಮೈಲಿಗೆ ಹಾಕಿದ ತಾಮ್ರದ ತೂಕ ಹಿಂದಿನದರ ಸುಮಾರು ಮೂರರಷ್ಟಿದ್ದಿತು.

ಹೀಗಿರಲಾಗಿ, ತಂತಿಯ ಗುಣವೆಂಬುದು ಬರಿಯ ಭ್ರಾಂತಿಯೆಂದು ಹೇಳುವವನು ಭೌತವಿಜ್ಞಾನಿಯಲ್ಲ. ಎಷ್ಟು ಉದ್ದದಲ್ಲಿ, ಎಷ್ಟು ಮಟ್ಟಿಗೆ ಎಂಬುದೇ ಪ್ರಶ್ನೆ. ನಮ್ಮ ವಿದ್ಯಾರ್ಥಿಯ ತಂತಿಯ ಉದ್ದ ಮೂರು ಮೀಟರು. ಸಾಗರದ ತಂತಿಯ ಹತ್ತು ಲಕ್ಷದಲ್ಲೊಂದು ಪಾಲು. ಉಳಿದುದೆಲ್ಲವೂ ಸಮವೆಂದಿಟ್ಟುಕೊಂಡರೆ ಕೆಲ್ವಿನ್ನನ ತಡವು ಇಲ್ಲಿ ಲಕ್ಷ ಕೋಟಿಯಲ್ಲಿ ಒಂದು ಪಾಲಾಗಿ ಕುಗ್ಗುವುದು. ಇನ್ನೊಂದು ಬಗೆಯಿಂದಲೂ ನೋಡಬಹುದು. ಮನುಷ್ಯನ ಕಿವಿಗೆ ಕೇಳಿಸುವ ಅತ್ಯಂತ ಎತ್ತರದ ನಾದವು ಸೆಕೆಂಡಿಗೆ 20,000 ಕಂಪನಗಳದು. ಅಂಥ ವಿದ್ಯುತ್ ಅಲೆಯ ಒಂದು ಪೂರ್ಣ ಉದ್ದವು ತಂತಿಯಲ್ಲಿ ಸುಮಾರು ಹತ್ತು ಕಿಲೋಮೀಟರು. ಹತ್ತು ಕಿಲೋಮೀಟರಿನ ಅಲೆಗೆ ಮೂರು ಮೀಟರಿನ ತಂತಿ ಯಾವ ಲೆಕ್ಕ?

ಇನ್ನು ರೋಧವನ್ನು ಗಣಿಸೋಣ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ತೆಗೆದುಕೊಂಡು ನಮ್ಮೊಡನೆ ಲೆಕ್ಕ ಮಾಡಬಹುದು. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿಯನ್ನೇ ತೆಗೆದುಕೊಳ್ಳಿರಿ. ಹೋಗುವುದಕ್ಕೆ ಮೂರು ಮೀಟರು, ಹಿಂದಿರುಗುವುದಕ್ಕೆ ಮೂರು ಮೀಟರು, ಒಟ್ಟು ಆರು. ತಾಮ್ರದ ವಿಶಿಷ್ಟ ರೋಧವನ್ನು ಪುಸ್ತಕದಲ್ಲಿ ನೋಡಿ ಗುಣಿಸಿದರೆ ಒಟ್ಟು ರೋಧ 0.04 ಓಮ್. ಸ್ಪೀಕರಿನದು 8 ಓಮ್ ಆಗಿದ್ದರೆ, ಈ ತಂತಿಯಿಂದಾಗಿ ಧ್ವನಿಯ ಮಟ್ಟದಲ್ಲಾಗುವ ನಷ್ಟ ಸುಮಾರು 0.04 ಡೆಸಿಬೆಲ್. ಎಲ್ಲ ಅನುಕೂಲಗಳನ್ನೂ ಒದಗಿಸಿಕೊಟ್ಟರೂ ಒಂದು ಡೆಸಿಬೆಲ್ಲಿನ ಕೆಲವು ದಶಾಂಶಗಳಿಗಿಂತ ಕಡಿಮೆಯಾದ ವ್ಯತ್ಯಾಸವನ್ನು ಮನುಷ್ಯನ ಕಿವಿಯು ಗುರುತಿಸಲಾರದು.

ತಾಮ್ರಕ್ಕೆ ಬದಲು ಬೆಳ್ಳಿಯನ್ನೇ ಬಳಸಿದರೋ? ಬೆಳ್ಳಿಯ ರೋಧವು ತಾಮ್ರಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆ. ಮೂರು ಮೀಟರಿನ ತಾಮ್ರದ ತಂತಿಯನ್ನು ಒಂದು ಗೇಣಿಗಿಂತಲೂ ಕಡಿಮೆ ಕತ್ತರಿಸಿ ಗಿಡ್ಡಮಾಡಿದರೆ ಅದೇ ಲಾಭವು ದೊರೆಯುತ್ತದೆ. ಆಮ್ಲಜನಕವನ್ನು ತೆಗೆದು ಶುದ್ಧಿಮಾಡಿದ ತಾಮ್ರಕ್ಕೂ ಸಾಮಾನ್ಯ ವಿದ್ಯುತ್ ತಾಮ್ರಕ್ಕೂ ಇರುವ ಅಂತರ ನೂರಕ್ಕೆ ಒಂದರಷ್ಟು. ಅದಕ್ಕೆ ಎರಡು ಬೆರಳಗಲ ಕತ್ತರಿಸಿದರೆ ಸಾಕು. ಕೆಲ್ವಿನ್ನನ ಕಾಲದ ತಾಮ್ರದಲ್ಲಿದ್ದ ಕಲಬೆರಕೆಯು ಇಂದಿನ ವಿದ್ಯುತ್ ತಂತಿಯಲ್ಲಿ ಇಲ್ಲ. ಅಲ್ಲದೆ, ಈ ಶುದ್ಧ ತಾಮ್ರದ ರಾಜಮಾರ್ಗವು ಕೊನೆಗೆ ಹೋಗಿ ಸೇರುವುದೆಲ್ಲಿಗೆ? ಸ್ಪೀಕರಿನ ಒಳಗೆ, ಕೂದಲಿನಂಥ ಸಾಮಾನ್ಯ ತಂತಿಯನ್ನು ಹಲವು ಮೀಟರು ಸುತ್ತಿರುವ ಒಂದು ಸುರುಳಿಗೆ. ಅದರ ರೋಧವೇ ಆರು ಓಮಿನಷ್ಟಿರುವುದುಂಟು.

ಹೊರಮೈಯಲ್ಲಿ ಹರಿಯುವ ವಿಚಾರವು ನಿಜವೇ. ಕಂಪನವು ಹೆಚ್ಚಾದಂತೆ ವಿದ್ಯುತ್ತು ತಂತಿಯ ನಡುವನ್ನು ಬಿಟ್ಟು ಹೊರಮೈಯತ್ತ ಸರಿಯುವುದು. ಆದರೆ ಸೆಕೆಂಡಿಗೆ 20,000 ಕಂಪನಗಳಲ್ಲಿಯೂ ಅದು ಸುಮಾರು ಅರ್ಧ ಮಿಲಿಮೀಟರಿನ ಆಳದವರೆಗೆ ಇಳಿಯಬಲ್ಲುದು. ಮೇಲೆ ಹೇಳಿದ ತಂತಿಯು ಒಂದೇ ಸರಳಾಗಿದ್ದರೂ ಅದರ ತ್ರಿಜ್ಯವು ಒಂದು ಮಿಲಿಮೀಟರಿಗಿಂತ ಕಡಿಮೆ. 0.04 ಓಮ್ ಇದ್ದುದು 0.05 ಓಮ್ ಆದೀತು, ಅಷ್ಟೆ. ತಂತಿಯ ಪ್ರೇರಕತೆಯು ಇದಕ್ಕಿಂತ ತುಸು ದೊಡ್ಡ ಸಂಗತಿ, ಮಾರುವವರು ಅದರ ಮಾತನ್ನು ಅಷ್ಟಾಗಿ ಎತ್ತುವುದಿಲ್ಲವೇಕೋ ತಿಳಿಯದು. ಆದರೂ ಮೂರು ಮೀಟರಿನಲ್ಲಿ, ಅತ್ಯಂತ ಎತ್ತರದ ನಾದದಲ್ಲಿ, ಅದು ಒಡ್ಡುವ ಅಡ್ಡಿ ಸುಮಾರು ಕಾಲು ಓಮ್. ಆ ಎತ್ತರದ ನಾದವು ನಮ್ಮಂತೆ ಮೂವತ್ತು ದಾಟಿದವರಲ್ಲಿ ಅನೇಕರಿಗೆ ಕೇಳಿಸುವುದೇ ಇಲ್ಲ.

ಬಾಣದ ಗುರುತನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಸ್ಪೀಕರಿಗೆ ಹೋಗುವುದು ಪರ್ಯಾಯ ವಿದ್ಯುತ್ತು. ವೀಣೆಯ ಒಂದು ಸ್ವರದಲ್ಲಿಯೇ ಅದು ಸೆಕೆಂಡಿಗೆ ನೂರಾರು ಸಲ ಮುಂದಕ್ಕೂ ಹಿಂದಕ್ಕೂ ಓಡಾಡುವುದು. ಬಾಣವು ಮುಂದಕ್ಕೆ ಒಳ್ಳೆಯ ದಾರಿಯೆಂದರೆ ಹಿಂದಕ್ಕೆ ಕೆಟ್ಟ ದಾರಿಯೆಂದಾಯಿತಲ್ಲವೆ? (ಲೋಹದ ಬಲೆಯ ಹೊದಿಕೆಯುಳ್ಳ ಕೆಲವು ಸಂಕೇತದ ತಂತಿಗಳಲ್ಲಿ ಹೊದಿಕೆಯನ್ನು ಒಂದೇ ತುದಿಯಲ್ಲಿ ಭೂಮಿಗೆ ಸೇರಿಸಿರುವುದುಂಟು. ಅಲ್ಲಿ ಬಾಣಕ್ಕೆ ಅರ್ಥವಿದೆ. ಸ್ಪೀಕರಿನ ತಂತಿಯಲ್ಲಿ ಇಲ್ಲ.)

ಹಾಗಾದರೆ ಎಂಥ ತಂತಿಯಾದರೂ ಸರಿಯೆ? ಖಂಡಿತ ಅಲ್ಲ. ಕರೆಗಂಟೆಗೆ ಹಾಕುವಂಥ 0.2 ಚದರ ಮಿಲಿಮೀಟರಿನ ಎಳೆಯನ್ನು ಹತ್ತು ಮೀಟರು ಎಳೆದು ನೋಡಿರಿ. ಹೋಗಿಬರುವ ದಾರಿಯ ರೋಧ 1.7 ಓಮ್ ಸಮೀಪವಾಗುವುದು. ಸ್ಪೀಕರಿನ ಅಡ್ಡಿಯು ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. ಕೆಲವಕ್ಕೆ ನಾಲ್ಕು ಓಮ್, ಕೆಲವಕ್ಕೆ ಮೂವತ್ತು ಓಮ್ ಆಗಿರಬಹುದು. ಆಗ ಒಂದು ಸ್ವರವು ಮೂರು ಡೆಸಿಬೆಲ್ ಕುಗ್ಗಿದರೆ ಇನ್ನೊಂದು ಅರ್ಧ ಡೆಸಿಬೆಲ್ ಮಾತ್ರ ಕುಗ್ಗುವುದು. ಹಾಡಿನ ಬಣ್ಣವೇ ಬದಲಾದೀತು. ಅದು ಯಾರ ಕಿವಿಗಾದರೂ ಗೊತ್ತಾದೀತು. ನೋಯೆಲ್ ಲೀಯವರು ದಪ್ಪ ತಂತಿಯನ್ನು ಹಿಡಿದು ಹೊರಟಾಗ ಅವರ ಮಾತಿನಲ್ಲಿ ಸತ್ಯಾಂಶವಿದ್ದಿತು. ದಪ್ಪ ತಂತಿಯು ಅಂಗಡಿಯಲ್ಲಿ ಮೀಟರಿನ ಲೆಕ್ಕದಲ್ಲಿ ದೊರೆಯುವುದೆಂಬುದೂ ಅಷ್ಟೇ ಸತ್ಯ.

ಹೀಗೆ ಕಾಗದದ ಮೇಲೆ ಜಯಶಾಲಿಗಳಾಗಿ, ಇನ್ನು ಕೇಳುವ ಶಾಸ್ತ್ರವೊಂದು ಮುಗಿದುಹೋಗಲಿ ಎಂದು ನಾವು ಕುಳಿತುಕೊಂಡೆವು. ನಮ್ಮ ಆಂಪ್ಲಿಫೈಯರಿನ ಹಿಂದೆ ‘ಎ’, ‘ಬಿ’ ಎಂಬ ಎರಡು ಜೊತೆ ತಿರುಪುಗಳಿವೆ. ಯಾವುದು ಬೇಕೋ ಅದನ್ನು ಮುಂದಿನ ಗುಂಡಿಯೊಂದನ್ನು ತಿರುಗಿಸಿ ಆರಿಸಿಕೊಳ್ಳಬಹುದು. ‘ಎ’ಗೆ ವೈರಿಂಗಿನಲ್ಲಿ ಉಳಿದಿದ್ದ ನಮ್ಮ ಹಳೆಯ ತಂತಿ, ‘ಬಿ’ಗೆ ಅವನ ನೀಲಿ ತಂತಿ, ಎರಡೂ ಹೋಗಿ ಸೇರಿದುದು ಅವೇ ಸ್ಪೀಕರುಗಳಿಗೆ. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಹಚ್ಚಿದೆವು. ಹಳೆಯ ತಂತಿಯಲ್ಲಿ ಐದು ನಿಮಿಷ ಕೇಳಿದುದಾಯಿತು. ಅಷ್ಟರಲ್ಲಿ ಮನೆಯವರು ಕಾಫಿ ತಂದರು. ಹುಡುಗನು ಲೋಟವನ್ನು ಕೈಗೆ ತೆಗೆದುಕೊಂಡು, ಆಂಪ್ಲಿಫೈಯರಿನ ಬಳಿ ಬಗ್ಗಿ, ವಾದನವನ್ನು ಮೊದಲಿನಿಂದ ಹಚ್ಚಿ, “ಈಗ ನೀಲಿ ತಂತಿ, ಕೇಳಿ ಸಾರ್” ಎಂದನು.

ನಾವು ಕೇಳಿದೆವು. ಕೇಳಿ ಬೆರಗಾದೆವು. ಮೀಟು ಸ್ಪಷ್ಟವಾಗಿದ್ದಿತು. ತಾಳದ ತಂತಿಗಳ ನಾದವು ಪಕ್ಕಕ್ಕೆ ಸರಿದು ಬೇರೆಯಾಗಿ ನಿಂತಂತೆ ತೋರಿತು. ಗಮಕದ ಕೊನೆಯಲ್ಲಿ, ಮೊದಲು ಕಿವಿಗೆ ಬೀಳದಿದ್ದ ಒಂದು ಸಣ್ಣ ಎಳೆಯು ಉಳಿದು ಮೆಲ್ಲನೆ ಕರಗಿತು. 0.04 ಓಮಿನ ಲೆಕ್ಕವೆಲ್ಲ ಎದುರಿಗೆ ಕಾಗದದ ಮೇಲೆಯೇ ಇದ್ದಿತು. ಅದನ್ನು ನೋಡಲು ನಮಗೆ ನಾಚಿಕೆಯಾಯಿತು. ಹುಡುಗನ ಮುಖದಲ್ಲಿ ನಗೆ. “ಹೌದಪ್ಪ, ಏನೋ ಇದೆ” ಎಂದು ನಾವು ಒಪ್ಪಿಕೊಂಡೆವು.

ಆಂಪ್ಲಿಫೈಯರಿನ ಪಕ್ಕದಲ್ಲಿಯೇ ನೆಲದ ಮೇಲೆ ಕುಳಿತು ಚಿತ್ರ ಬರೆಯುತ್ತಿದ್ದ ನಮ್ಮ ಎಂಟು ವರ್ಷದ ಮಗಳು ತಲೆಯೆತ್ತಿ, “ಅಪ್ಪಾ, ಮಾಮ ಅದನ್ನ ತಿರುಗಿಸಲೇ ಇಲ್ಲವಲ್ಲ!” ಎಂದಳು.

ಗುಂಡಿಯು ‘ಎ’ಯಲ್ಲಿಯೇ ಇದ್ದಿತು. ನಾವು ಕೇಳಿ ಬೆರಗಾದುದು ನಮ್ಮ ಹಳೆಯ ತಂತಿಯನ್ನೇ.

ಈ ಸಂಗತಿಯನ್ನು ಬರೆಯಲು ನಮಗೆ ಸಂಕೋಚವಿಲ್ಲದೆ ಇಲ್ಲ. ಆದರೆ ಇದನ್ನು ಬಿಟ್ಟು ಲೆಕ್ಕವನ್ನು ಮಾತ್ರ ಬರೆದಿದ್ದರೆ, ಇಂಥ ತಂತಿಗಳನ್ನು ಕೊಂಡವರೆಲ್ಲರೂ ಮೂರ್ಖರೋ ಸುಳ್ಳುಗಾರರೋ ಎಂಬ ಅಭಿಪ್ರಾಯವು ವಾಚಕರಲ್ಲಿ ಉಳಿಯುತ್ತಿದ್ದಿತು. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಕೇಳಿಸುತ್ತದೆ, ನಮಗೂ ಕೇಳಿಸಿತು. ಎರಡನೆಯ ಸಲ ಅದೇ ವಾದನವನ್ನು ಕೇಳುವಾಗ ಮನಸ್ಸು ಹೊಸ ಹೊಸ ವಿವರಗಳನ್ನು ಹೆಕ್ಕಿಕೊಳ್ಳುವುದು. ಏನೋ ಬದಲಾಗಿದೆಯೆಂದು ಮೊದಲೇ ಹೇಳಿದ್ದರೆ, ಆ ವಿವರಗಳನ್ನೆಲ್ಲ ಅದರ ಲೆಕ್ಕಕ್ಕೇ ಬರೆದುಕೊಳ್ಳುವುದು. ಬೆಲೆಯೂ ತನ್ನ ಪಾಲಿನ ಕೆಲಸವನ್ನು ಮಾಡುವುದು. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ಒಂದೇ ದ್ರಾಕ್ಷಾಮದ್ಯವನ್ನು ಹತ್ತು ಡಾಲರಿನದೆಂದೂ ತೊಂಬತ್ತು ಡಾಲರಿನದೆಂದೂ ಹೇಳಿ ಕೊಟ್ಟು, ಕುಡಿಯುವವರ ಮಿದುಳನ್ನು ಯಂತ್ರದಿಂದ ಪರೀಕ್ಷಿಸಿದರು. ಹೆಚ್ಚಿನ ಬೆಲೆ ಹೇಳಿದಾಗ ಅದು ಹೆಚ್ಚು ರುಚಿಯೆಂದು ಅವರು ಹೇಳಿದುದಷ್ಟೇ ಅಲ್ಲ, ಸುಖಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗದಲ್ಲಿಯೂ ಚಟುವಟಿಕೆ ಹೆಚ್ಚಾಗಿದ್ದಿತು.

ಪ್ರಸಿದ್ಧ ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. 1903ರಲ್ಲಿ ಫ್ರಾನ್ಸಿನ ನಾನ್ಸಿ ನಗರದ ಪ್ರಾಧ್ಯಾಪಕ ಬ್ಲಾಂಡ್ಲೊ ಎಂಬವನು ‘ಎನ್ ಕಿರಣ’ಗಳನ್ನು ಕಂಡುಹಿಡಿದೆನೆಂದು ಸಾರಿದನು. ಕತ್ತಲೆಯ ಕೋಣೆಯಲ್ಲಿ, ಮಂದವಾದ ಹೊಳಪೊಂದು ತುಸು ಹೆಚ್ಚಾಯಿತೆ ಇಲ್ಲವೆ ಎಂಬುದನ್ನು ಕಣ್ಣಿನಿಂದಲೇ ನಿರ್ಧರಿಸಬೇಕಾಗಿದ್ದಿತು. ಹಲವರು ತಮಗೂ ಕಂಡಿತೆಂದರು. 1904ರಲ್ಲಿ ಅಮೆರಿಕದ ಆರ್. ಡಬ್ಲ್ಯು. ವುಡ್ ಆ ಪ್ರಯೋಗಶಾಲೆಗೆ ಹೋಗಿ, ಕತ್ತಲೆಯಲ್ಲಿ ಯಾರಿಗೂ ತಿಳಿಯದಂತೆ ಯಂತ್ರದೊಳಗಿನ ಅಲ್ಯೂಮಿನಿಯಮ್ಮಿನ ಪಟ್ಟಕವನ್ನು ತೆಗೆದುಬಿಟ್ಟನು. ಅದಿಲ್ಲದೆ ಕಿರಣಗಳು ಕಾಣಲೇಬಾರದು. ಆದರೂ ಅಳತೆಗಳು ಮೊದಲಿನಂತೆಯೇ ಬರುತ್ತಲಿದ್ದುವು! ನಮ್ಮ ಮಗಳು ಮಾಡಿದುದೂ ವುಡ್ಡನ ಕೆಲಸವೇ ಸರಿ. ಅವಳಿಗೆ ಅದು ತಿಳಿಯದು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಕೇಳುವವನಿಗೆ ಯಾವ ತಂತಿಯೆಂಬುದು ತಿಳಿದಿರಬಾರದು. ಅವನೆದುರಿಗೆ ಇರುವವನಿಗೂ ತಿಳಿದಿರಬಾರದು. ಮುಖಭಾವದಿಂದಲೇ ಗುಟ್ಟು ಹೊರಬೀಳುವುದುಂಟು. ಎರಡು ತಂತಿಗಳಲ್ಲಿಯೂ ಧ್ವನಿಯ ಮಟ್ಟವು ಸಮವಾಗಿರಬೇಕು; ಏಕೆಂದರೆ ತುಸು ಗಟ್ಟಿಯಾದ ಧ್ವನಿಯನ್ನು ಕಿವಿಯು ‘ಗಟ್ಟಿ’ ಎನ್ನದೆ ‘ಚೆನ್ನ’ ಎಂದುಬಿಡುವುದು. ಒಂದೆರಡು ಸಲ ಸರಿಯಾಗಿ ಹೇಳಿದರೆ ಸಾಲದು, ಅನೇಕ ಸಲ ಹೇಳಬೇಕು. ಎಷ್ಟು ಸಲ ಎಂಬುದಕ್ಕೆ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಷರನು 1935ರ ತನ್ನ ಗ್ರಂಥದಲ್ಲಿ ಒಂದು ಸೊಗಸಾದ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಬಟ್ಟಲಿಗೆ ಹಾಲನ್ನು ಮೊದಲು ಹಾಕಿದರೋ ಚಹಾವನ್ನು ಮೊದಲು ಹಾಕಿದರೋ ಎಂಬುದನ್ನು ರುಚಿಯಿಂದಲೇ ಹೇಳಬಲ್ಲೆನೆಂದ ಒಬ್ಬ ಮಹಿಳೆಗೆ ಎಂಟು ಬಟ್ಟಲು. ನಾಲ್ಕು ಹೀಗೆ, ನಾಲ್ಕು ಹಾಗೆ, ಕ್ರಮವಿಲ್ಲದೆ. ಬರಿಯ ಊಹೆಯಿಂದ ಎಂಟನ್ನೂ ಸರಿಯಾಗಿ ಹೇಳುವ ಸಂಭವ ಎಪ್ಪತ್ತರಲ್ಲಿ ಒಂದು.

ಧ್ವನಿಗೆ ಇಂಥ ವಿಧಾನವನ್ನು 1950ರಲ್ಲಿ ಬೆಲ್ ಪ್ರಯೋಗಾಲಯದ ಮನ್ಸನ್ ಮತ್ತು ಗಾರ್ಡ್‌ನರ್ ವಿವರಿಸಿದರು. ಮುಂದೆ ಅಮೆರಿಕದ ಕೆಲವು ಹವ್ಯಾಸಿಗಳು ಇದಕ್ಕೆಂದೇ ಒಂದು ಸ್ವಿಚ್ಚಿನ ಪೆಟ್ಟಿಗೆಯನ್ನು ಮಾಡಿದರು: ‘ಎ’ ಕೇಳಬಹುದು, ‘ಬಿ’ ಕೇಳಬಹುದು, ಬಳಿಕ ‘ಎಕ್ಸ್’ ಎಂಬುದು ಅವೆರಡರಲ್ಲಿ ಯಾವುದೆಂದು ಹೇಳಬೇಕು. 1983ರ ಆಗಸ್ಟಿನ ‘ಸ್ಟೀರಿಯೊ ರಿವ್ಯೂ’ ಪತ್ರಿಕೆಯಲ್ಲಿ ಲಾರೆನ್ಸ್ ಗ್ರೀನ್‌ಹಿಲ್ ಇಂಥ ಪರೀಕ್ಷೆಯೊಂದರ ವರದಿಯನ್ನು ಪ್ರಕಟಿಸಿದರು. ತೆಳುವಾದ ತಂತಿಯನ್ನು, ಅದರಲ್ಲಿಯೂ ಸಂಗೀತಕ್ಕೆ ಬದಲು ಭೋರ್ಗರೆಯುವ ಪರೀಕ್ಷಾಧ್ವನಿಯನ್ನು ಹಾಕಿದಾಗ, ಕೇಳುಗರು ಗುರುತಿಸಿದರು. ದಪ್ಪನೆಯ ದೀಪದ ತಂತಿಯನ್ನೂ ಬೆಲೆಯ ತಂತಿಯನ್ನೂ ಸಂಗೀತದಲ್ಲಿ ಬೇರ್ಪಡಿಸಲು ಅವರಿಂದಾಗಲಿಲ್ಲ. ಮೇಲಿನ ನಮ್ಮ ಲೆಕ್ಕವೂ ಇದನ್ನೇ ಹೇಳುವುದಷ್ಟೆ.

2007ರಲ್ಲಿ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರರು, ಮೇಲೆ ಹೇಳಿದ 7,250 ಡಾಲರಿನ ತಂತಿಯನ್ನು ಇಂಥ ಪರೀಕ್ಷೆಯಲ್ಲಿ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರು ಕೊಡುವುದಾಗಿ ಸಾರಿದರು. ಧ್ವನಿ ಪತ್ರಿಕೆಯ ವಿಮರ್ಶಕರೊಬ್ಬರು ಮುಂದೆ ಬಂದರು. ತಂತಿಯನ್ನು ತಯಾರಿಸಿದವರು ಹಿಂದೆ ಸರಿದರು, ವಾದವಿವಾದವಾಯಿತು, ಪರೀಕ್ಷೆಯು ನಡೆಯಲೇ ಇಲ್ಲ. ಇದನ್ನು ತಂತಿಗಳ ವಿರುದ್ಧ ಒಂದು ದೊಡ್ಡ ಸಾಕ್ಷ್ಯವೆಂಬಂತೆ ಎತ್ತಿ ಹೇಳುವವರಿದ್ದಾರೆ. ನಡೆಯದ ಪರೀಕ್ಷೆಯಿಂದ ಯಾವ ಪಕ್ಷಕ್ಕೂ ಏನೂ ಸಿದ್ಧವಾಗದೆಂದು ನಮ್ಮ ಮತ.

ಆ ಸಂಜೆ ನಾವು ಪರೀಕ್ಷೆಯನ್ನು ಮಾಡಿಯೇ ಬಿಟ್ಟೆವು. ನಡುಮನೆಯಲ್ಲಿ ಹಗ್ಗ ಕಟ್ಟಿ ಒಂದು ಮೇಲುಹಾಸನ್ನು ಇಳಿಬಿಟ್ಟೆವು. ಹುಡುಗನು ಎರಡು ತಂತಿಗಳನ್ನೂ ತನಗೆ ತೋರಿದಂತೆ ‘ಎ’, ‘ಬಿ’ಗಳಿಗೆ ಸೇರಿಸಿ ಮೇಲೆ ಬಟ್ಟೆ ಮುಚ್ಚಿದನು. ಸ್ಪೀಕರಿನ ತುದಿಯಲ್ಲಿ ಮಲ್ಟಿಮೀಟರನ್ನಿಟ್ಟು ಅಳೆದಾಗ ಎರಡು ತಂತಿಗಳ ನಡುವೆ ಗಣನೆಗೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಪರದೆಯ ಹಿಂದೆ ಮಗಳು. ಯಾವ ಅಕ್ಷರಕ್ಕೆ ಯಾವ ತಂತಿಯೆಂದು ಅವಳಿಗೆ ಗೊತ್ತಿಲ್ಲ. ಅವಳು ಪ್ರತಿ ಸಲವೂ ನಾಣ್ಯವನ್ನು ಚಿಮ್ಮಬೇಕು, ಗುಂಡಿಯನ್ನು ಒಮ್ಮೆ ಮುಚ್ಚುವ ಕಡೆಗೆ ತಂದು ಬಳಿಕ ನಾಣ್ಯ ಹೇಳಿದ ಕಡೆಗೆ ತಿರುಗಿಸಬೇಕು, ಪುಸ್ತಕದಲ್ಲಿ ಬರೆದಿಡಬೇಕು, ಚಪ್ಪಾಳೆ ತಟ್ಟಬೇಕು. ಮಾತನಾಡಬಾರದು. ಈ ಕೊನೆಯ ನಿಯಮವೇ ಅವಳಿಗೆ ಕಷ್ಟವಾಯಿತು.

ಹದಿನಾರು ಸಲವೆಂದು ಗೊತ್ತುಮಾಡಿದೆವು. ಹದಿನಾರು ನಾಣ್ಯಗಳು 65,536 ಬಗೆಯಲ್ಲಿ ಬೀಳಬಲ್ಲುವು. ಬರಿಯ ಊಹೆಯಿಂದ ಹನ್ನೆರಡೋ ಅದಕ್ಕಿಂತ ಹೆಚ್ಚೋ ಸರಿಹೋಗುವ ಬಗೆಗಳು 2,517. ನೂರಕ್ಕೆ ಸುಮಾರು ನಾಲ್ಕು. ಆದುದರಿಂದ ಹನ್ನೆರಡು ಬಂದರೆ ಅವನು ಗೆದ್ದಂತೆಂದು ಪರೀಕ್ಷೆಗೆ ಮುಂಚೆಯೇ ಬರೆದು ಇಬ್ಬರೂ ರುಜು ಹಾಕಿದೆವು. ಹುಡುಗನು ಮೊದಲು ಎರಡು ತಂತಿಗಳನ್ನೂ ಬೇಕಾದಷ್ಟು ಹೊತ್ತು ನೋಡಿಕೊಂಡೇ ಕೇಳಿದನು. ಅನಂತರ ಪರದೆಯ ಈಚೆ ಕಣ್ಣು ಮುಚ್ಚಿ ಕುಳಿತನು. ಮೊದಲ ನಾಲ್ಕು ಸಲ ಅವನು ಉತ್ತರವನ್ನು ತಡೆಯಿಲ್ಲದೆ ಬರೆದನು. ಆಮೇಲೆ ಪೆನ್ಸಿಲನ್ನು ಬಹಳ ಹೊತ್ತು ಹಿಡಿದುಕೊಂಡೇ ಇರುತ್ತಿದ್ದನು.

ಹನ್ನೊಂದು ಸರಿಹೋದುವು.

“ಅರ್ಧಕ್ಕಿಂತ ಹೆಚ್ಚಾಯಿತಲ್ಲ ಸಾರ್!” ಎಂದನು. ಹೌದು, ಆದರೆ ಹತ್ತು ಮಂದಿ ಕಿವಿಯಲ್ಲಿ ಹತ್ತಿಯಿಟ್ಟುಕೊಂಡು ಬರೆದರೂ ಅವರಲ್ಲೊಬ್ಬನಿಗೆ ಹನ್ನೊಂದೋ ಹೆಚ್ಚೋ ಸರಿಹೋಗುವ ನಿರೀಕ್ಷೆಯಿದೆ. ಗೆರೆಯನ್ನು ಹನ್ನೆರಡಕ್ಕೆ ಎಳೆದು ಈಗ ಹನ್ನೊಂದಕ್ಕೆ ಇಳಿಸಲಾಗದು. ಹಾಗೆಂದು ಇಲ್ಲಿಗೇ ನಿಲ್ಲಿಸಿ ಅವನು ಸೋತನೆಂದು ಸಾರಲೂ ನಮಗೆ ಮನಸ್ಸಾಗಲಿಲ್ಲ. ಊಟವಾದ ಮೇಲೆ ಇನ್ನೊಮ್ಮೆ ಹದಿನಾರು ಸಲ ಮಾಡಿದೆವು. ಈ ಸಲ ಏಳು. ಬೆಳಗ್ಗೆ ಅಷ್ಟು ಬೆರಗಾಗಿದ್ದ ನಾವೂ ಕುಳಿತು ಬರೆದೆವು. ನಮಗೆ ಬಂದುದು ಆರು.

ಇಂಥ ಪರೀಕ್ಷೆಯಲ್ಲಿ ಮನಸ್ಸು ಬಿಗಿಯಾಗುತ್ತದೆ, ಸೂಕ್ಷ್ಮವು ಅದರಿಂದಲೇ ತಪ್ಪಿಹೋಗುತ್ತದೆ ಎಂದು ತಂತಿಯ ಅಭಿಮಾನಿಗಳು ಹೇಳುವುದುಂಟು. ಆ ಮಾತನ್ನು ತಳ್ಳಿಹಾಕಬೇಕಾಗಿಲ್ಲ. ಯಾರಾದರೂ ಬಂಧುಗಳು ಗುಟ್ಟಾಗಿ ಒಂದೋ ಇನ್ನೊಂದೋ ತಂತಿಯನ್ನು ಸೇರಿಸಿ ಮುಚ್ಚಿಡಲಿ. ವಾರವೆಲ್ಲ ಆರಾಮವಾಗಿ ಕೇಳಿ ಭಾನುವಾರ ಒಂದು ಉತ್ತರ ಬರೆಯಲಿ. ಹದಿನಾರು ವಾರ ಹೀಗೆ ಮಾಡಲಿ. ಗುಟ್ಟೊಂದನ್ನು ಬಿಟ್ಟು ಪರೀಕ್ಷೆಗೆ ಬೇರೆ ಬಿಗಿಯೇನೂ ಬೇಡ. ನಮ್ಮ ಒಂದು ಸಂಜೆಯ ಪ್ರಯೋಗದಿಂದ ಜಗತ್ತಿನ ಎಲ್ಲ ತಂತಿಗಳ ವಿಚಾರವೂ ಇತ್ಯರ್ಥವಾಯಿತೆಂದು ನಾವು ಹೇಳುವುದಿಲ್ಲ. ಆ ಕೋಣೆಯಲ್ಲಿ, ಆ ಸ್ಪೀಕರುಗಳಲ್ಲಿ, ಆ ಎರಡು ಜೊತೆ ಕಿವಿಗಳಿಗೆ ವ್ಯತ್ಯಾಸವು ಸಿಕ್ಕಲಿಲ್ಲವೆಂದು ಮಾತ್ರ ಹೇಳಬಲ್ಲೆವು.

ಹೊರಡುವ ಮೊದಲು ಹುಡುಗನು ಸ್ಪೀಕರುಗಳನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ಎಳೆದು, ಅದೇ ವೀಣೆಯನ್ನು ಮತ್ತೊಮ್ಮೆ ಹಚ್ಚಿದನು. ಮಂದ್ರಸ್ಥಾಯಿಯ ಗುಂಯ್‌ಗುಟ್ಟುವಿಕೆ ಕಡಿಮೆಯಾಯಿತು. ಅಡಿಗೆಮನೆಯಲ್ಲಿದ್ದ ಮನೆಯವರು, “ಈಗೇನು ಮಾಡಿದಿರಿ? ಚೆನ್ನಾಗಿ ಕೇಳುತ್ತಿದೆಯಲ್ಲ” ಎಂದು ಅಲ್ಲಿಂದಲೇ ಕೇಳಿದರು. ಅವರಿಗೆ ನಾವು ಏನನ್ನೂ ಹೇಳಿರಲಿಲ್ಲ.

ಮೊನ್ನೆ ಫೋನು ಮಾಡಿದಾಗ ತಂತಿಯ ವಿಚಾರವನ್ನು ಕೇಳಿದೆವು. ಹದಿನೈದು ದಿನ ಕಳೆದುಹೋಗಿತ್ತು. ಅವನು ಅದನ್ನು ಹಿಂದಿರುಗಿಸಿರಲಿಲ್ಲ. “ನೋಡಲು ಚೆನ್ನಾಗಿದೆ ಸಾರ್” ಎಂದನು. ಸ್ವಲ್ಪ ತಡೆದು, “ಈಗಲೂ ಕೇಳಿಸುತ್ತೆ, ಸಾರ್. ಗುಂಡಿ ಎತ್ತ ಕಡೆ ಇದೆ ಅಂತ ಮಾತ್ರ ಮೊದಲು ನೋಡಿಕೊಳ್ತೀನಿ” ಎಂದು ನಕ್ಕನು.